ದನಿಗೊಂದು ಊರು: ಸಮುದಾಯದ ಧ್ವನಿಸಂಗ್ರಹಗಳಲ್ಲಿ ಕುಂದಗನ್ನಡ

ಬ್ರಿಟಿಷರ ಕಾಲದಲ್ಲಿ ನಡೆದ ಗ್ರಿಯರ್ಸನ್ ಅವರ ಭಾರತೀಯ ಭಾಷಾ ಸಮೀಕ್ಷೆಯ ಮುದ್ರಿತ ಸಂಪುಟಗಳು ಮದ್ರಾಸ್ ಪ್ರಾಂತ್ಯವನ್ನು ಹೊರಗಿಟ್ಟಿದ್ದವು. ಕುಂದಾಪುರ ಬಳಿಯ ಗುಲ್ವಾಡಿ ಆಗ ಆ ಪ್ರಾಂತ್ಯದಲ್ಲಿತ್ತು. 1899ರ ‘ಇಂದಿರಾಬಾಯಿ’ ಕಾದಂಬರಿಯ ಕರ್ತೃ ಗುಲ್ವಾಡಿ ವೆಂಕಟರಾಯರ ಮೂಲಕ ಊರಿನ ಹೆಸರು ಸಾಹಿತ್ಯ ಚರಿತ್ರೆಗೆ ಸಂದಿದೆ, ಊರವರ ಆಡುಮಾತಾದ ಕುಂದಗನ್ನಡಕ್ಕೆ ಆ ಭಾಗ್ಯ ಇನ್ನೂ ಬಂದಿಲ್ಲ. ಇಂದು ಮೊಬೈಲ್ ಇರುವ ಯಾರು ಬೇಕಾದರೂ ತಮ್ಮ ದನಿಯನ್ನು ಅಂತರ್ಜಾಲದ ಸಂಗ್ರಹಕ್ಕೆ ಸೇರಿಸಬಹುದು. ಅದು ಅಲ್ಲಿ ಯಾವ ಹೆಸರಿನಡಿ ದಾಖಲಾಗುತ್ತದೆ ಎಂಬುದು ನನ್ನ ಪ್ರಶ್ನೆ.

ಧ್ವನಿಕಡತಗಳ ದಾಸ್ತಾನು ಅಷ್ಟೇನೂ ದೊಡ್ಡ ತೊಡಕಲ್ಲ. 48 ಕಿಲೋಹರ್ಟ್ಸ್, 24 ಬಿಟ್‌ನ ಸ್ಟೀರಿಯೋ ಧ್ವನಿಗೆ ಗಂಟೆಗೆ ಸುಮಾರು 1 ಜಿಬಿ ಬೇಕು. ಎಂಟು ಗಂಟೆಯ ಬಯಲಾಟಕ್ಕೆ 8 ಜಿಬಿ ಚಿಲ್ಲರೆ. ಎರಡು ಮೂರು ಕಡೆ ಪ್ರತಿ ಇಟ್ಟರೂ ಹೊರಲಾರದ ಭಾರವಲ್ಲ.

ಕಷ್ಟ ಕಡತದ ವಿವರಪಟ್ಟಿಯಲ್ಲಿದೆ. ಐಎಸ್‌ಒ 639-3 ಭಾಷಾಸಂಕೇತಗಳ ಪಟ್ಟಿಯಲ್ಲಿ ತುಳುವಿಗೂ ಬಡಗಕ್ಕೂ ಸ್ವಂತ ಸಂಕೇತಗಳಿವೆ, ಕುಂದಗನ್ನಡಕ್ಕಿಲ್ಲ. ಅದನ್ನು ಬೇರೆ ಭಾಷೆಯೆನ್ನಬೇಕೆಂಬ ವಾದ ನನ್ನದಲ್ಲ. ಆದರೆ ‘ಕನ್ನಡ’ ಎಂದಷ್ಟೇ ನಮೂದಿಸಿದರೆ ಗುಲ್ವಾಡಿಯ ದನಿ ಸಾವಿರಾರು ಕಡತಗಳ ನಡುವೆ ಹುಡುಕಿದರೂ ಸಿಗದು. ಜಿಲ್ಲೆಯ ಹೆಸರೂ ಸಾಲದು: ಉಡುಪಿ ಜಿಲ್ಲೆಯಾದದ್ದು 1997ರಲ್ಲಿ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳಾದದ್ದು ಅದಕ್ಕೂ ಈಚೆಗೆ. ಹಳೆಯ ಕ್ಯಾಸೆಟ್ಟಿನ ಮೇಲಿನ ‘ಕುಂದಾಪುರ ತಾಲ್ಲೂಕು’ ಇಂದಿನ ಬೈಂದೂರಿನದೂ ಆಗಿರಬಹುದು. ಆದ್ದರಿಂದ ಗ್ರಾಮದ ಹೆಸರು, ಧ್ವನಿಮುದ್ರಣದ ವರ್ಷ ಎರಡೂ ಬೇಕು. ಮದುವೆಯಾಗಿ ಗುಲ್ವಾಡಿಗೆ ಬಂದ ಅಜ್ಜಿಯಾದರೆ ತವರೂರನ್ನೂ ಕೇಳಬೇಕು, ಅವರ ಮಾತಿನ ಬೇರು ಅಲ್ಲಿರುತ್ತದೆ.

ಸಂಗ್ರಹಿಸುವ ವಿಧಾನವೂ ಮಾತನ್ನು ಬದಲಿಸುತ್ತದೆ. 2017ರಲ್ಲಿ ಆರಂಭವಾದ ಮೊಜಿಲ್ಲಾದ ಕಾಮನ್ ವಾಯ್ಸ್ ತೆರೆಯ ಮೇಲಿನ ವಾಕ್ಯವನ್ನು ಓದಿಸುವ ಕ್ರಮದಿಂದ ಬೆಳೆಯಿತು. ‘ಹೋಗಬೇಕು’ ಎಂದು ಬರೆದು ಕೊಟ್ಟರೆ ಯಾರೂ ‘ಹೋಯ್ಕ್’ ಎಂದು ಓದುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ಜಿಲ್ಲೆಯನ್ನೇ ಘಟಕವಾಗಿಟ್ಟು, ಚಿತ್ರ ತೋರಿಸಿ ಮಾತನಾಡಿಸುತ್ತದೆ; ಈ ದಾರಿ ನನಗೆ ಹೆಚ್ಚು ಸರಿಯೆನಿಸುತ್ತದೆ. ಹಾಗೆ ಬಂದ ‘ಹೋಯ್ಕ್’ ಲಿಪ್ಯಂತರದಲ್ಲಿ ತಿದ್ದುಪಡಿಯಾಗಿ ‘ಹೋಗಬೇಕು’ ಆಗಕೂಡದು. ಗ್ರಾಂಥಿಕ ರೂಪ ಬೇಕಿದ್ದರೆ ಪಕ್ಕದ ಅಂಕಣದಲ್ಲಿರಲಿ.

ಕೊನೆಯದು ಒಪ್ಪಿಗೆ. ಕಾಮನ್ ವಾಯ್ಸ್‌ನ ಸಿಸಿ ಝೀರೋ ಪರವಾನಗಿಯಡಿ ಹೊರಬಿದ್ದ ದನಿಯನ್ನು ಯಾರು ಬೇಕಾದರೂ ಯಾವ ಕೆಲಸಕ್ಕಾದರೂ ಬಳಸಬಹುದು. ಹಾಡು ಕೊಟ್ಟ ಅಜ್ಜಿಗೆ ಇದನ್ನು ಅವರ ಮಾತಿನಲ್ಲೇ ವಿವರಿಸಬೇಕು, ಆ ವಿವರಣೆಯನ್ನೂ ಅವರ ಉತ್ತರವನ್ನೂ ಹಾಡಿನ ಜೊತೆಗೇ ಧ್ವನಿಮುದ್ರಿಸಿಡಬೇಕು.