ಸಸ್ಯಜನ್ಯ 'ಮಾಂಸ' ಮತ್ತು ದನದ ಮಾಂಸ: ಆರೋಗ್ಯದ ಹೋಲಿಕೆ, ಜೈನರು ಗಮನಿಸಬೇಕಾದ ಅಂಶಗಳು

ಬಟಾಣಿ, ಸೋಯಾ ಮುಂತಾದ ಕಾಳುಗಳ ಪ್ರೊಟೀನನ್ನು ಬೇರ್ಪಡಿಸಿ, ಎಣ್ಣೆ, ಉಪ್ಪು, ಬಣ್ಣ ಸೇರಿಸಿ ಮಾಂಸದ ರುಚಿ ಬರುವಂತೆ ಕಾರ್ಖಾನೆಯಲ್ಲಿ ತಯಾರಿಸಿದ ಆಹಾರವೇ ಸಸ್ಯಜನ್ಯ ಮಾಂಸ. ಓದು, ಉದ್ಯೋಗಕ್ಕೆಂದು ಹೊರದೇಶಕ್ಕೆ ಹೋದ ಸಮಾಜದ ಮಕ್ಕಳಿಗೆ 'ಇದು ಶುದ್ಧ ಸಸ್ಯಾಹಾರ, ಆರೋಗ್ಯಕ್ಕೂ ಒಳ್ಳೆಯದು' ಎಂದು ಇದನ್ನು ಕೊಡುವುದುಂಟು. ಎರಡು ಮಾತನ್ನೂ ಪರಿಶೀಲಿಸಿ ನೋಡಬೇಕು.

ಪರೀಕ್ಷೆಗಳು ತಿಳಿಸಿದ್ದು

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. 36 ಮಂದಿ ಎಂಟು ವಾರ ಮಾಂಸವನ್ನೂ ಎಂಟು ವಾರ ಸಸ್ಯಜನ್ಯ ಮಾಂಸವನ್ನೂ ತಿಂದರು. ಸಸ್ಯಜನ್ಯ ಆಹಾರದ ಅವಧಿಯಲ್ಲಿ ಕೆಟ್ಟ ಕೊಲೆಸ್ಟ್ರಾಲ್ (ಎಲ್‌ಡಿಎಲ್) ಸುಮಾರು 11 ಮಿ.ಗ್ರಾಂ, ದೇಹತೂಕ ಸುಮಾರು 1 ಕಿಲೋ ಕಡಿಮೆ ಇತ್ತು. ಈ ಅಧ್ಯಯನಕ್ಕೆ ಹಣ ಕೊಟ್ಟದ್ದು ಅಂಥ ಆಹಾರ ತಯಾರಿಸುವ ಕಂಪನಿಯೇ ಎಂಬುದೂ ತಿಳಿದಿರಲಿ. 2024ರಲ್ಲಿ ಪ್ರಕಟವಾದ, ಸಿಂಗಾಪುರದಲ್ಲಿ ಸಕ್ಕರೆ ಕಾಯಿಲೆಯ ಅಪಾಯವಿದ್ದ 89 ಮಂದಿಯ ಮೇಲೆ ನಡೆದ ಎಂಟು ವಾರಗಳ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ದನದ ಮಾಂಸದಲ್ಲಿ ನಾರು ಇಲ್ಲ, ಕೊಲೆಸ್ಟ್ರಾಲ್ ಇದೆ. ಸಸ್ಯಜನ್ಯದಲ್ಲಿ ಅಲ್ಪ ನಾರಿದೆ, ಕೊಲೆಸ್ಟ್ರಾಲ್ ಇಲ್ಲ. ಆದರೆ ಬರ್ಗರಿನ ಒಂದೇ ಬಿಲ್ಲೆಯಲ್ಲಿ ಸುಮಾರು 1 ಗ್ರಾಂ ಉಪ್ಪು ಇರಬಹುದು. ದಿನಕ್ಕೆ ಒಟ್ಟು 5 ಗ್ರಾಂ ಮೀರಬಾರದೆಂಬುದು ವೈದ್ಯರ ಸಲಹೆ.

ಹಸಿರು ಚುಕ್ಕೆ ಸಾಲದು

ನಮ್ಮ ದೇಶದ ಹಸಿರು ಚುಕ್ಕೆ ಮಾಂಸ, ಮೊಟ್ಟೆ ಇಲ್ಲವೆಂದಷ್ಟೇ ಹೇಳುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಯ ಪಿಷ್ಟ, ಕೆಂಪು ಬಣ್ಣಕ್ಕೆ ಹಾಕುವ ಬೀಟ್‌ರೂಟ್, ಜೇನುತುಪ್ಪ ಇವುಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಹೊರದೇಶದಲ್ಲಿ 'ವೆಜಿಟೇರಿಯನ್' ಎಂದಿದ್ದರೂ ಮೊಟ್ಟೆ ಇರಬಹುದು. 'ವೀಗನ್' ಎಂದಿದ್ದರೆ ಮೊಟ್ಟೆ, ಜೇನು ಇರುವುದಿಲ್ಲ, ಕಂದಮೂಲ ಇರಬಹುದು. ಆದ್ದರಿಂದ ಪೊಟ್ಟಣದ ಹಿಂಬದಿಯ ಪಟ್ಟಿಯನ್ನು ಪೂರ್ತಿ ಓದಬೇಕು.

ಮನೆಯ ಕಾಳಿನ ಲೆಕ್ಕ

ಪರೀಕ್ಷೆಗಳು ಹೋಲಿಸಿದ್ದು ಮಾಂಸದೊಡನೆ. ಮಾಂಸವನ್ನೇ ತಿನ್ನದ ಮನೆಗೆ ಆ ಲಾಭ ಅನ್ವಯಿಸದು. ಕಾಳಿನ ಸಾರು ಬಿಟ್ಟು ಈ ಬಿಲ್ಲೆ ತಿಂದರೆ ಉಪ್ಪೂ ಖರ್ಚೂ ಹೆಚ್ಚುತ್ತವೆ. ಹೆಮ್ಮರಗಾಲದಂಥ ನಂಜನಗೂಡು ಸೀಮೆಯ ಹಳ್ಳಿಗಳ ಅಡುಗೆಗೆ ಹುರುಳಿ, ಅವರೆ, ಅಲಸಂದೆ ಹೊಸತಲ್ಲ. 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೊಟೀನ್, 8 ಗ್ರಾಂ ನಾರು ಇದೆ. ಬೆಳ್ಳುಳ್ಳಿ ಹಾಕದ ಉಪ್ಸಾರು ಅಥವಾ ಹುರುಳಿ ಸಾರಿನ ಜೊತೆ ರಾಗಿಮುದ್ದೆ ಇದ್ದರೆ ಕಾರ್ಖಾನೆಯ ಬಿಲ್ಲೆ ಬೇಕಿಲ್ಲ.

ಮಾಂಸ ತಿನ್ನದಿದ್ದ ಮಾತ್ರಕ್ಕೆ ಸಕ್ಕರೆ ಕಾಯಿಲೆ ದೂರವಿರುವುದಿಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಆ ಕಾಯಿಲೆ ಇದೆ. ತಟ್ಟೆಯಲ್ಲಿ ಅನ್ನ, ಸಿಹಿ, ಕರಿದ ತಿಂಡಿ ಕಡಿಮೆಯಾಗಿ ಕಾಳು, ಸೊಪ್ಪು ಹೆಚ್ಚಾಗಬೇಕು. ಮೂತ್ರಪಿಂಡದ ತೊಂದರೆ ಇರುವವರು ಕಾಳು ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಬೇಕು.