ಮುತ್ತತ್ತಿಯ ಕಾವೇರಿ ದಂಡೆ: ಇಲ್ಲಿಯ ಮರ, ಅಳಿಲು, ಮೀನು

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ, 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದ ನಡುವೆ ಇದೆ. ಸುತ್ತಲಿನ ಗುಡ್ಡಗಳಲ್ಲಿ ಒಣ ಕುರುಚಲು ಕಾಡು. ಹೊಳೆಯ ಅಂಚಿನಲ್ಲಿ ಮಾತ್ರ ದಟ್ಟ ನೆರಳು.

ಹೊಳೆಮತ್ತಿ: ನುಣುಪಾದ ತಿಳಿ ಬೂದು ತೊಗಟೆಯ ಹೆಮ್ಮರ. ಇದರ ಬೇರು ದಂಡೆಯ ಮಣ್ಣು ಕೊಚ್ಚಿಹೋಗದಂತೆ ಹಿಡಿದಿಡುತ್ತದೆ.

ಬೂದು ಬಣ್ಣದ ದೊಡ್ಡ ಅಳಿಲು: ದಕ್ಷಿಣ ಭಾರತದ ಕೆಲವೇ ಕಾಡುಗಳನ್ನು ಬಿಟ್ಟರೆ ಇದು ದ್ವೀಪರಾಷ್ಟ್ರ ಶ್ರೀಲಂಕಾದಲ್ಲಿ ಮಾತ್ರ ಇದೆ. ಎಲೆ, ಕಡ್ಡಿ ಸೇರಿಸಿ ಎತ್ತರದ ಕವಲಿನಲ್ಲಿ ಗೂಡು ಕಟ್ಟುತ್ತದೆ. ಕೊಂಬೆಯಿಂದ ಕೊಂಬೆಗೆ ಜಿಗಿದೇ ಓಡಾಡುವುದರಿಂದ ಮರಗಳ ಸಾಲು ತುಂಡಾದರೆ ಅದರ ದಾರಿಯೂ ಮುಚ್ಚುತ್ತದೆ.

ಬಿಳಿಮೀನು: ತಲೆಯ ಹಿಂದೆ ಗೂನು, ಕಿತ್ತಳೆ ಛಾಯೆಯ ಈಜುರೆಕ್ಕೆ ಇರುವ ಈ ಮಹಶೀರ್ 50 ಕಿಲೋ ಮೀರಿ ಬೆಳೆಯಬಲ್ಲದು. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇದರ ಮೂಲ ನೆಲೆ ಇಲ್ಲ. ಸಿಡಿಮದ್ದಿನ ಬೇಟೆ, ಅಣೆಕಟ್ಟು, ಹೊರಗಿನಿಂದ ತಂದುಬಿಟ್ಟ ಮೀನುಗಳಿಂದ ಕುಗ್ಗಿದ ಇದು 2018ರಿಂದ ‘ತೀವ್ರ ಅಪಾಯದಲ್ಲಿರುವ’ ಜೀವಿಗಳ ಪಟ್ಟಿಯಲ್ಲಿದೆ.

ದಯವಿಟ್ಟು ಪ್ರಾಣಿಗಳಿಗೆ ತಿಂಡಿ ಹಾಕಬೇಡಿ, ಮೀನು ಹಿಡಿಯಬೇಡಿ. ಪ್ಲಾಸ್ಟಿಕ್ಕನ್ನು ನಿಮ್ಮೊಂದಿಗೇ ವಾಪಸ್ ಕೊಂಡೊಯ್ಯಿರಿ. ಇಲ್ಲಿ ಸುಳಿಗಳಿವೆ, ನೀರಿಗಿಳಿಯಬೇಡಿ.