ಗ್ರಾಬಾಲ್ ಲ್ಯಾಂಡಿಂಗ್: ಗುಂಡೇಟು ತಿಂದ ಸ್ಮಾರಕ ಫಲಕ

ಅಮೆರಿಕದ ಮಿಸಿಸಿಪಿ ರಾಜ್ಯದ ಟಲಹಾಚಿ ಕೌಂಟಿಯಲ್ಲಿ, ಟಲಹಾಚಿ ನದಿಯ ದಡದಲ್ಲಿರುವ ಜಾಗ ಗ್ರಾಬಾಲ್ ಲ್ಯಾಂಡಿಂಗ್. ಶಿಕಾಗೋದಿಂದ ನೆಂಟರ ಊರಿಗೆ ಬಂದಿದ್ದ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗನನ್ನು 1955ರ ಆಗಸ್ಟ್ 28ರಂದು ಬಿಳಿಯರು ಹೊತ್ತೊಯ್ದು ಕೊಂದರು. ಮೂರು ದಿನಗಳ ನಂತರ ಶವ ಸಿಕ್ಕಿದ್ದು ಈ ದಡದ ಬಳಿಯಲ್ಲೇ ಎಂಬ ನಂಬಿಕೆಯಿದೆ. ಹತ್ತಿ ಜಿನ್ನಿನ ಭಾರವಾದ ಫ್ಯಾನನ್ನು ಮುಳ್ಳುತಂತಿಯಿಂದ ಅವನ ಕುತ್ತಿಗೆಗೆ ಬಿಗಿದಿದ್ದರು. ಮಗನ ಗುರುತು ಸಿಗದಂತಾಗಿದ್ದ ಮುಖವನ್ನು ಲೋಕವೆಲ್ಲ ನೋಡಲೆಂದು ತಾಯಿ ಮೇಮಿ ಟಿಲ್ ಶವಪೆಟ್ಟಿಗೆಯನ್ನು ತೆರೆದೇ ಇಡಿಸಿದರು. ಅದಕ್ಕೆ ಬೇಕಾದ ಎದೆಗಾರಿಕೆ ಸಾಮಾನ್ಯದ್ದಲ್ಲ.

ಸಮ್ನರ್ ಊರಿನ ನ್ಯಾಯಾಲಯದಲ್ಲಿ ಬಿಳಿಯ ಗಂಡಸರೇ ತುಂಬಿದ್ದ ಜ್ಯೂರಿ, ಸುಮಾರು ಒಂದು ಗಂಟೆ ಚರ್ಚಿಸಿ ಇಬ್ಬರು ಆರೋಪಿಗಳನ್ನೂ ಬಿಡುಗಡೆ ಮಾಡಿತು. ಮರುವರ್ಷ ಅವರೇ ಹಣ ಪಡೆದು ಪತ್ರಿಕೆಯೊಂದಕ್ಕೆ ಕೊಲೆಯನ್ನು ಒಪ್ಪಿಕೊಂಡರು.

ಕೌಂಟಿ ಬಾಯಿಬಿಟ್ಟು ಕ್ಷಮೆ ಕೇಳಿದ್ದು 2007ರಲ್ಲಿ. 2008ರಲ್ಲಿ ಗ್ರಾಬಾಲ್ ಲ್ಯಾಂಡಿಂಗ್‌ನಲ್ಲಿ ನೆಟ್ಟ ಮೊದಲ ಸ್ಮಾರಕ ಫಲಕ ಅದೇ ವರ್ಷ ಕಳುವಾಯಿತು. ಎರಡನೆಯದರ ಮೇಲೆ ನೂರಾರು ಗುಂಡಿನ ಗುರುತುಗಳು ಬಿದ್ದವು. 2018ರಲ್ಲಿ ನಿಂತ ಮೂರನೆಯದಕ್ಕೆ 35 ದಿನಗಳಲ್ಲೇ ಗುಂಡು ಬಿತ್ತು. ತೂತುಬಿದ್ದ ಒಂದು ಫಲಕವನ್ನು 2021ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯ ಹಾಗೆಯೇ ಪ್ರದರ್ಶನಕ್ಕಿಟ್ಟಿತು. ಆ ತೂತುಗಳೂ ಈ ಚರಿತ್ರೆಯದೇ ಭಾಗ. 2019ರ ಅಕ್ಟೋಬರ್‌ನಲ್ಲಿ ನಿಲ್ಲಿಸಿದ ನಾಲ್ಕನೆಯ ಫಲಕ ಗುಂಡು ತಡೆಯುವ ಉಕ್ಕಿನದು. ತೂಕ ಸುಮಾರು 500 ಪೌಂಡ್, ಅಂದರೆ 227 ಕಿಲೋ.

2023ರ ಜುಲೈ 25ರಂದು ಈ ದಡ, ಸಮ್ನರ್ ನ್ಯಾಯಾಲಯ ಮತ್ತು ಅಂತ್ಯಕ್ರಿಯೆಯ ಪ್ರಾರ್ಥನೆ ನಡೆದ ಶಿಕಾಗೋದ ಚರ್ಚು ಒಟ್ಟಾಗಿ, ತಾಯಿ ಮಗನ ಹೆಸರಿನ ರಾಷ್ಟ್ರೀಯ ಸ್ಮಾರಕವಾದವು.